ದಾನಿಯ ವೀರ್ಯ, ದಂಪತಿಯ ಮಗು

ದಾನಿಯ ವೀರ್ಯದಿಂದ ಮಗು ಪಡೆಯಲು ಒಪ್ಪಿಕೊಂಡ ದಂಪತಿ ಡಾಕ್ಟರ ಎದುರು ಕೂತು ಖರ್ಚೆಷ್ಟು, ಎಷ್ಟು ಸಲ ಬರಬೇಕು, ಗೆಲ್ಲುವ ಸಾಧ್ಯತೆ ಎಷ್ಟು ಎಂದೆಲ್ಲ ಕೇಳುತ್ತಾರೆ. ಕೇಳದೆ ಉಳಿಯುವ ಪ್ರಶ್ನೆಗಳು ಬೇರೆ. ನಾಳೆ ಆ ದಾನಿ ಬಂದು ‘ಮಗು ನನ್ನದು’ ಎಂದರೆ? ಗಂಡನ ಅಣ್ಣತಮ್ಮಂದಿರಿಗೆ ವಿಷಯ ಗೊತ್ತಾಗಿ, ‘ಇದು ನಮ್ಮ ರಕ್ತವಲ್ಲ, ಪಾಲು ಕೊಡುವುದಿಲ್ಲ’ ಎಂದು ತಗಾದೆ ತೆಗೆದರೆ? ಗಂಡ ಹೆಂಡತಿಯೇ ಮುಂದೆ ಬೇರೆಯಾಗಿ, ಗಂಡ ‘ಡಿಎನ್ಎ ಪರೀಕ್ಷೆ ಮಾಡಿಸಿ, ನಾನು ಇದರ ಅಪ್ಪನಲ್ಲ’ ಎಂದು ಕೈತೊಳೆದುಕೊಂಡರೆ?

ಈ ಪ್ರಶ್ನೆಗಳಿಗೆ ನಮ್ಮ ದೇಶದಲ್ಲಿ 2022ರ ಜನವರಿ 25ರಿಂದ ಬರಹದಲ್ಲಿ ಉತ್ತರವಿದೆ. ಅಂದು ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ, 2021 – ಎಆರ್‌ಟಿ ಕಾಯ್ದೆ ಎಂದೇ ಎಲ್ಲರೂ ಕರೆಯುತ್ತಾರೆ – ತನ್ನ 31ನೇ ಸೆಕ್ಷನ್‌ನಲ್ಲಿ ಎರಡು ಮಾತು ಹೇಳುತ್ತದೆ. ಈ ವಿಧಾನದಿಂದ ಹುಟ್ಟಿದ ಮಗುವನ್ನು ಚಿಕಿತ್ಸೆ ಕೋರಿದ ದಂಪತಿಯ ಜೈವಿಕ ಮಗು ಎಂದೇ ಭಾವಿಸಬೇಕು. ಸಹಜವಾಗಿ ಹುಟ್ಟಿದ ಮಗುವಿಗೆ ಇರುವ ಎಲ್ಲ ಹಕ್ಕುಗಳೂ ಅದಕ್ಕೆ ಆ ದಂಪತಿಯಿಂದ, ಅವರಿಂದ ಮಾತ್ರ ಸಿಗಬೇಕು. ಇದು ಮೊದಲನೆಯದು. ದಾನಿಯಾದವರು ಮಗುವಿನ ಮೇಲಿನ ಎಲ್ಲ ಪೋಷಕ ಹಕ್ಕುಗಳನ್ನೂ ಬಿಟ್ಟುಕೊಡಬೇಕು ಎಂಬುದು ಎರಡನೆಯದು.

‘ಅವರಿಂದ ಮಾತ್ರ’ ಎಂಬುದನ್ನು ಗಮನಿಸಿ. ದಾನಿ ಮಗುವನ್ನು ಕೇಳಿಕೊಂಡು ಬರುವಂತಿಲ್ಲ. ಮಗುವಿನ ಕಡೆಯವರೂ ದಾನಿಯ ಬಳಿ ಜೀವನಾಂಶವನ್ನಾಗಲಿ ಆಸ್ತಿಯನ್ನಾಗಲಿ ಕೇಳುವಂತಿಲ್ಲ. ಬಾಗಿಲು ಎರಡೂ ಕಡೆಯಿಂದ ಮುಚ್ಚಿದೆ. ಗಂಡನ ವಂಶವಾಹಿ ಮಗುವಿನಲ್ಲಿ ಒಂದಿಷ್ಟೂ ಇಲ್ಲದಿದ್ದರೂ ಕಾನೂನು ಅದನ್ನು ಅವನ ‘ಜೈವಿಕ’ ಮಗು ಎಂದು ಕರೆಯುತ್ತದೆ. ದತ್ತು ಮಗುವಿಗೆ ಬೇಕಾಗುವ ಪ್ರಕ್ರಿಯೆ, ಆದೇಶ ಯಾವುದೂ ಇಲ್ಲಿ ಬೇಕಿಲ್ಲ. ಹುಟ್ಟಿದ ಕ್ಷಣದಿಂದಲೇ ಅದು ಅವರ ಮಗು.

ಈ ಕಾಯ್ದೆಗೆ ಮೊದಲು ಇದ್ದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2005ರ ಮಾರ್ಗಸೂಚಿ. ಅದೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿತ್ತು. ಆದರೆ ಕಾಯ್ದೆಯ ಬಲ ಅದಕ್ಕಿರಲಿಲ್ಲ. ಆಗ ದಂಪತಿಯನ್ನು ಕಾಯುತ್ತಿದ್ದದ್ದು 1872ರ ಸಾಕ್ಷ್ಯ ಅಧಿನಿಯಮದ 112ನೇ ಸೆಕ್ಷನ್. ಈಗ ಅದೇ ಮಾತು ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಸೆಕ್ಷನ್ ಆಗಿ ಉಳಿದಿದೆ. ಕ್ರಮಬದ್ಧ ಮದುವೆ ಊರ್ಜಿತದಲ್ಲಿದ್ದಾಗ, ಅಥವಾ ಮದುವೆ ಮುರಿದ 280 ದಿನಗಳೊಳಗೆ ತಾಯಿ ಮರುಮದುವೆ ಆಗದೆ ಇದ್ದಾಗ ಹುಟ್ಟಿದ ಮಗು ಆ ಗಂಡನದೇ. ಗರ್ಭ ಕಟ್ಟಬಹುದಾದ ಕಾಲದಲ್ಲಿ ಗಂಡ ಹೆಂಡತಿಗೆ ಪರಸ್ಪರ ಸಂಪರ್ಕದ ಅವಕಾಶವೇ ಇರಲಿಲ್ಲ ಎಂದು ಸಾಬೀತು ಮಾಡದ ಹೊರತು ಇದನ್ನು ಅಲುಗಿಸಲಾಗದು. ಡಿಎನ್ಎ ಎಂಬ ಪದವೇ ಇಲ್ಲದ ಕಾಲದಲ್ಲಿ ಬರೆದ ಈ ಸೆಕ್ಷನ್ ಡಿಎನ್ಎ ಕಾಲದಲ್ಲೂ ಗಟ್ಟಿಯಾಗಿ ನಿಂತಿದೆ. ಇಂಥ ಮದುವೆಯಲ್ಲಿ ಹುಟ್ಟಿದ ಮಗುವಿನ ಪಿತೃತ್ವವನ್ನು ಬರೀ ವಂಶವಾಹಿಯ ಆಧಾರದ ಮೇಲೆ ಬದಲಿಸಲಾಗದು ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಮತ್ತೆ ಹೇಳಿತು. ಹಾಗಾಗಿ ವಿವಾಹಿತ ದಂಪತಿಯ ಮಗುವಿಗೆ ಈಗ ಎರಡು ಕಾವಲು: ಒಂದು 116, ಇನ್ನೊಂದು 31.

ರಕ್ತವೋ ಒಪ್ಪಂದವೋ ಎಂಬ ಜಗಳ ಪ್ರಯೋಗಾಲಯ ಬಂದ ಮೇಲೆ ಹುಟ್ಟಿದ್ದಲ್ಲ. ಬೀಜ ಹಾಕಿದವನದೋ ಕ್ಷೇತ್ರದ ಒಡೆಯನದೋ ಎಂದು ಧರ್ಮಶಾಸ್ತ್ರಕಾರರು ನಿಯೋಗದ, ಅಂದರೆ ಗಂಡನ ಬದಲು ಬೇರೊಬ್ಬನಿಂದ ಪಡೆದ, ಮಗುವಿನ ಬಗ್ಗೆ ದೀರ್ಘವಾಗಿ ವಾದಿಸಿದ್ದಾರೆ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ದಲ್ಲೂ ಈ ಚರ್ಚೆ ಇದೆ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆ ಮಗು ಇಬ್ಬರಿಗೂ ಸೇರಿದ್ದು, ಇಬ್ಬರಿಗೂ ವಾರಸುದಾರ. ಅಂಥವನಿಗೆ ‘ದ್ವ್ಯಾಮುಷ್ಯಾಯಣ’ ಎಂದು ಹೆಸರು. ಇಂದಿನ ಕಾಯ್ದೆ ಆ ಇಬ್ಬಂದಿಯನ್ನು ಒಪ್ಪಿಲ್ಲ, ದಾನಿಯನ್ನು ಪೂರ್ತಿ ಹೊರಗಿಟ್ಟಿದೆ. ಮಗುವಿನ ನೆಮ್ಮದಿಯ ದೃಷ್ಟಿಯಿಂದ ಇದೇ ಸರಿಯಾದ ತೀರ್ಮಾನ ಎಂದು ನನಗನ್ನಿಸುತ್ತದೆ. ಆದರೆ ಹೊಣೆಯನ್ನು ನಿರ್ಧರಿಸುವುದು ಗರ್ಭಧಾರಣೆಗೆ ಮೊದಲೇ ಆದ ಒಪ್ಪಿಗೆ ಎಂಬ ವಿಚಾರ ಅಲ್ಲೂ ಇತ್ತು, ಇಲ್ಲೂ ಇದೆ.

ಅಂಡಾಣು ಕೊಟ್ಟವಳು ತಾಯಿಯೇ?

ವೀರ್ಯಕ್ಕೆ ಅನ್ವಯಿಸುವುದೇ ಅಂಡಾಣುವಿಗೂ ಅನ್ವಯಿಸುತ್ತದೆ. ಬಾಂಬೆ ಹೈಕೋರ್ಟಿನ ಮುಂದೆ 2024ರ ಆಗಸ್ಟ್‌ನಲ್ಲಿ ತೀರ್ಮಾನವಾದ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಬ್ಬ ಹೆಣ್ಣುಮಗಳಿಗೆ ಅವಳ ತಂಗಿಯೇ ಅಂಡಾಣು ಕೊಟ್ಟಳು. ಬಾಡಿಗೆ ತಾಯಿಯ ಗರ್ಭದಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದರು. ಈ ನಡುವೆ ತಂಗಿ ಅಪಘಾತವೊಂದರಲ್ಲಿ ತನ್ನ ಗಂಡನನ್ನೂ ಮಗಳನ್ನೂ ಕಳೆದುಕೊಂಡಿದ್ದಳು. ಮುಂದೆ ಅಕ್ಕ ಭಾವನ ನಡುವೆ ವಿರಸ ಬಂತು. ಭಾವ ಮಕ್ಕಳನ್ನು ಕರೆದುಕೊಂಡು ಬೇರೆ ಹೋದ. ತಂಗಿಯೂ ಆ ಮನೆಯಲ್ಲಿ ಇರತೊಡಗಿದಳು. ಮಕ್ಕಳನ್ನು ನೋಡಲು ಅಕ್ಕ ಕೋರ್ಟಿಗೆ ಹೋದಾಗ ಗಂಡ ಮಂಡಿಸಿದ ವಾದ ಇದು: ಅಂಡಾಣು ಕೊಟ್ಟವಳು ನಾದಿನಿ, ಆದ್ದರಿಂದ ಜೈವಿಕ ತಾಯಿ ಅವಳೇ, ಹೆಂಡತಿಗೆ ಹಕ್ಕಿಲ್ಲ.

ಕೋರ್ಟ್ ಒಪ್ಪಲಿಲ್ಲ. ಬಾಡಿಗೆ ತಾಯ್ತನದ ಒಪ್ಪಂದ ಆದದ್ದು 2018ರಲ್ಲಿ, ಹೊಸ ಕಾಯ್ದೆಗಳಿಗೆ ಮೊದಲು. ಆದ್ದರಿಂದ 2005ರ ಮಾರ್ಗಸೂಚಿಯನ್ನೇ ಆಧಾರವಾಗಿಟ್ಟುಕೊಂಡು, ಅಂಡಾಣು ದಾನಿಗೆ ಕಾನೂನುಬದ್ಧ ತಾಯಿ ಎಂದು ಹೇಳಿಕೊಳ್ಳುವ ಹಕ್ಕಿಲ್ಲ ಎಂದಿತು. ಒಪ್ಪಂದಕ್ಕೆ ಸಹಿ ಹಾಕಿದ ಗಂಡ ಹೆಂಡತಿಯೇ ತಂದೆ ತಾಯಿ. ವಾರಾಂತ್ಯದಲ್ಲಿ ಮಕ್ಕಳನ್ನು ಕಾಣುವ ಅವಕಾಶವನ್ನು ಆ ತಾಯಿಗೆ ಕೊಡಿಸಿತು. ಆ ತಂಗಿಯ ದುಃಖ ದೊಡ್ಡದೇ. ಆದರೆ ಅದು ಅವಳನ್ನು ಆ ಮಕ್ಕಳ ತಾಯಿಯನ್ನಾಗಿ ಮಾಡಲಿಲ್ಲ.

ಸಹಿ ಎಂಬುದು ಇಲ್ಲಿ ಅಷ್ಟು ಮುಖ್ಯ. ಎಆರ್‌ಟಿ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಎಲ್ಲರ ಲಿಖಿತ, ತಿಳಿವಳಿಕೆಯ ಸಮ್ಮತಿ ಇಲ್ಲದೆ ಕ್ಲಿನಿಕ್ ಯಾವ ಚಿಕಿತ್ಸೆಯನ್ನೂ ಶುರು ಮಾಡುವಂತಿಲ್ಲ. ಐವಿಎಫ್‌ಗೆ ಮಾತ್ರವಲ್ಲ, ವೀರ್ಯವನ್ನು ನಳಿಕೆಯ ಮೂಲಕ ಗರ್ಭಕೋಶಕ್ಕೆ ಸೇರಿಸುವ ಸರಳ ಐಯುಐಗೂ ಇದೇ ನಿಯಮ. ವೀರ್ಯ ಅಥವಾ ಭ್ರೂಣ ಗರ್ಭಕೋಶಕ್ಕೆ ಸೇರುವ ಮುಂಚಿನ ಕ್ಷಣದವರೆಗೂ ದಂಪತಿ ತಮ್ಮ ಸಮ್ಮತಿಯನ್ನು ವಾಪಸು ಪಡೆಯಬಹುದು. ಸೇರಿದ ಮೇಲೆ ‘ನನಗೆ ಮನಸ್ಸಿರಲಿಲ್ಲ’ ಎನ್ನುವ ದಾರಿ ಇಲ್ಲ. ಹತ್ತು ಹಲವು ಕಾಗದಗಳ ನಡುವೆ ನರ್ಸ್ ‘ಇಲ್ಲಿ ಸಹಿ, ಇಲ್ಲಿ ಸಹಿ’ ಎಂದು ತೋರಿಸುತ್ತ ಹೋಗುವ ಕಟ್ಟಿನಲ್ಲಿ ನಿಮ್ಮ ಮಗುವಿನ ಅಪ್ಪ ಅಮ್ಮ ಯಾರೆಂಬುದನ್ನು ತೀರ್ಮಾನಿಸುವ ಪುಟ ಇರುತ್ತದೆ. ಅದನ್ನು ಓದದೆ ಸಹಿ ಹಾಕಬೇಡಿ. ಇಂಗ್ಲಿಷ್ ತೊಡಕಾದರೆ ಕನ್ನಡದಲ್ಲಿ ವಿವರಿಸಿ ಎಂದು ಕೇಳಿ. ಅರ್ಥವಾಗದೆ ಕೊಟ್ಟ ಒಪ್ಪಿಗೆಯನ್ನು ತಿಳಿವಳಿಕೆಯ ಸಮ್ಮತಿ ಎನ್ನಲಾಗದು.

ಸಮ್ಮತಿಯಿಲ್ಲದೆ ಬೇರೆಯವರ ವೀರ್ಯ ಬಳಕೆಯಾದರೆ ಏನಾಗುತ್ತದೆಂಬುದಕ್ಕೂ ಉದಾಹರಣೆ ಇದೆ. ದೆಹಲಿಯ ಆಸ್ಪತ್ರೆಯೊಂದರಲ್ಲಿ ಗಂಡನ ವೀರ್ಯದಿಂದಲೇ ಚಿಕಿತ್ಸೆ ಎಂದು ನಂಬಿದ್ದ ದಂಪತಿಗೆ 2009ರಲ್ಲಿ ಅವಳಿ ಮಕ್ಕಳಾದರು. ಮುಂದೆ ಡಿಎನ್ಎ ಪರೀಕ್ಷೆಯಲ್ಲಿ ವೀರ್ಯ ಬೇರೊಬ್ಬರದೆಂದು ಗೊತ್ತಾಯಿತು. ರಾಷ್ಟ್ರೀಯ ಗ್ರಾಹಕ ಆಯೋಗ 2023ರಲ್ಲಿ ಒಂದೂವರೆ ಕೋಟಿ ರೂಪಾಯಿ ಪರಿಹಾರ ವಿಧಿಸಿತು.

‘ನಮ್ಮ ಮೈದುನನದೇ ಇರಲಿ’

ಕುಟುಂಬಗಳಲ್ಲಿ ಈ ಮಾತು ಬರುತ್ತದೆ. ಯಾರದೋ ಗುರುತಿಲ್ಲದವರ ವೀರ್ಯ ಯಾಕೆ, ಮನೆಯವನದೇ ಆದರೆ ನಮ್ಮ ರಕ್ತ, ನಮ್ಮ ಗೋತ್ರ ಉಳಿಯುತ್ತದಲ್ಲ ಎಂದು. ಭಾವನೆ ಅರ್ಥವಾಗುತ್ತದೆ, ಆದರೆ ಆ ದಾರಿ ಕಾನೂನಿನಲ್ಲಿಲ್ಲ. 2005ರ ಮಾರ್ಗಸೂಚಿಯೇ ಬಂಧುಗಳ, ಪರಿಚಿತ ಸ್ನೇಹಿತರ ವೀರ್ಯ ಬಳಸಬಾರದು ಎಂದಿತ್ತು. ಈಗಿನ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ದಾನಿಯ ತಪಾಸಣೆ, ವೀರ್ಯದ ಸಂಗ್ರಹ, ಶೇಖರಣೆ ಎಲ್ಲವೂ ಪ್ರತ್ಯೇಕವಾಗಿ ನೋಂದಣಿಯಾದ ವೀರ್ಯ ಬ್ಯಾಂಕಿನಲ್ಲೇ ಆಗಬೇಕು. ದಾನಿಯ ವಯಸ್ಸು 21ರಿಂದ 55 ಇರಬೇಕು. ಅವನ ಹೆಸರು, ಆಧಾರ್ ಸಂಖ್ಯೆ, ವಿಳಾಸ ಬ್ಯಾಂಕಿನ ಬಳಿ ಇರಬೇಕು. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಒಂದೇ ಊರಿನಲ್ಲಿ ಒಬ್ಬನ ಹತ್ತು ಮಕ್ಕಳು ಪರಸ್ಪರ ಅರಿಯದೆ ಬೆಳೆದು ಮುಂದೆ ಮದುವೆಯ ಮಾತು ಬರುವ ಅಪಾಯವನ್ನು ಇದು ತಡೆಯುತ್ತದೆ.

ಕ್ಲಿನಿಕ್ಕನ್ನು ಬಿಟ್ಟು, ಪರಿಚಿತನೊಬ್ಬನಿಂದ ವೀರ್ಯ ಪಡೆದು ಮನೆಯಲ್ಲೇ ಪ್ರಯತ್ನಿಸಿದರೆ? ಆಗ 31ನೇ ಸೆಕ್ಷನ್ನಿನ ಆಸರೆಯನ್ನು ನಂಬಿ ಕೂರುವಂತಿಲ್ಲ. ಅದು ಈ ಕಾಯ್ದೆಯಡಿ ನಡೆದ ಚಿಕಿತ್ಸೆಗೆಂದು ಇರುವುದು. ಸ್ಟಾಂಪ್ ಪೇಪರಿನ ಮೇಲೆ ‘ನನಗೆ ಹಕ್ಕು ಬೇಡ’ ಎಂದು ಬರೆಸಿಕೊಂಡರೆ ಸಾಕು ಎಂಬ ನಂಬಿಕೆ ಎಷ್ಟು ತೆಳು ಎಂಬುದಕ್ಕೆ ಹೊರದೇಶದ ಎರಡು ಪ್ರಕರಣ ನೋಡಿ. ಅಮೆರಿಕದ ಕ್ಯಾನ್ಸಸ್ ರಾಜ್ಯದ ಟೊಪೀಕಾದಲ್ಲಿ 2009ರಲ್ಲಿ ಇಬ್ಬರು ಮಹಿಳೆಯರ ಆನ್‌ಲೈನ್ ಜಾಹೀರಾತಿಗೆ ಓಗೊಟ್ಟು ಒಬ್ಬ ವೀರ್ಯ ಕೊಟ್ಟ. ಹಕ್ಕೂ ಬೇಡ, ಹೊಣೆಯೂ ಬೇಡ ಎಂಬ ಪತ್ರಕ್ಕೆ ಮೂವರೂ ಸಹಿ ಮಾಡಿದರು. ವೈದ್ಯರು ನಡುವೆ ಇರಲಿಲ್ಲ. ಮುಂದೆ ಆ ಮಹಿಳೆಯರು ಬೇರೆಯಾಗಿ ತಾಯಿ ಸರ್ಕಾರದ ನೆರವು ಕೇಳಿದಾಗ, ಮಗುವಿನ ಖರ್ಚನ್ನು ಆ ದಾನಿಯೇ ಕೊಡಲಿ ಎಂದು ರಾಜ್ಯವೇ ದಾವೆ ಹೂಡಿತು. ವೈದ್ಯರ ಮೂಲಕ ನಡೆಯದ್ದರಿಂದ ಪತ್ರಕ್ಕೆ ಬೆಲೆಯಿಲ್ಲ, ಇವನು ತಂದೆಯೇ ಎಂದು 2014ರಲ್ಲಿ ಕೋರ್ಟ್ ಹೇಳಿತು. 2016ರಲ್ಲಿ ಇನ್ನೊಬ್ಬ ನ್ಯಾಯಾಧೀಶರು ಅವನನ್ನು ಹೊಣೆಯಿಂದ ಬಿಡಿಸಿದರು. ಅಷ್ಟರಲ್ಲಿ ಅವನು ವರ್ಷಗಟ್ಟಲೆ ಕೋರ್ಟಿಗೆ ಅಲೆದಾಗಿತ್ತು.

ಆಸ್ಟ್ರೇಲಿಯದಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ಅಲ್ಲಿನ ದಾನಿ ತಾನು ಅಪ್ಪನಾಗಿರುತ್ತೇನೆಂದು ನಂಬಿಯೇ ಗೆಳತಿಗೆ ವೀರ್ಯ ಕೊಟ್ಟಿದ್ದ. ಜನನ ಪ್ರಮಾಣಪತ್ರದಲ್ಲಿ ಅವನ ಹೆಸರಿತ್ತು, ಮಗಳ ಬದುಕಿನಲ್ಲಿ ಅವನು ಸದಾ ಇದ್ದ. ತಾಯಿ ಮತ್ತು ಅವಳ ಸಂಗಾತಿ ಮಗುವಿನೊಂದಿಗೆ ನ್ಯೂಜಿಲೆಂಡಿಗೆ ಹೊರಟಾಗ ಅವನು ಕೋರ್ಟಿಗೆ ಹೋದ. 2019ರ ಜೂನ್‌ನಲ್ಲಿ ಅಲ್ಲಿನ ಹೈಕೋರ್ಟ್ ಅವನನ್ನು ಕಾನೂನುಬದ್ಧ ಪೋಷಕ ಎಂದು ಎತ್ತಿಹಿಡಿಯಿತು. ಅಪ್ಪನಂತೆ ಬದುಕಿದವನನ್ನು ಬರೀ ದಾನಿ ಎನ್ನಲಾಗದು ಎಂಬುದು ಅದರ ತಿರುಳು. ಸಿಡ್ನಿ, ಮೆಲ್ಬರ್ನ್‌ನಲ್ಲಿ ನೆಲೆಸಿರುವ ನಮ್ಮವರು ಸ್ನೇಹಿತರ ನೆರವಿನಿಂದ ಮಗು ಪಡೆಯುವ ಯೋಚನೆಯಲ್ಲಿದ್ದರೆ ಈ ತೀರ್ಪು ತಿಳಿದಿರಲಿ.

ಇಂಗ್ಲೆಂಡಿನಲ್ಲಿ ಇರುವವರಿಗೆ ಇನ್ನೊಂದು ಸೂಚನೆ. ಅಲ್ಲಿ ಹೆತ್ತವಳೇ ತಾಯಿ, ಅಂಡಾಣು ಯಾರದೇ ಆಗಿರಲಿ. ಮದುವೆಯಾಗಿದ್ದರೆ ಗಂಡ ಒಪ್ಪಿಲ್ಲವೆಂದು ತೋರಿಸದ ಹೊರತು ಅವನೇ ತಂದೆ. ಮದುವೆಯಾಗದ ಜೋಡಿಯಾದರೆ ಲೈಸೆನ್ಸ್ ಇರುವ ಕ್ಲಿನಿಕ್ಕಿನಲ್ಲಿ ಚಿಕಿತ್ಸೆಗೆ ಮೊದಲೇ ನಿಗದಿತ ನಮೂನೆಗೆ ಇಬ್ಬರೂ ಸಹಿ ಮಾಡಿರಲೇಬೇಕು. ನಮೂನೆ ತಪ್ಪಿಹೋದ ಕಾರಣಕ್ಕೆ, ಮಗುವನ್ನು ಎತ್ತಿ ಆಡಿಸಿದವರೇ ಕೋರ್ಟಿಗೆ ಹೋಗಿ ತಾವು ಪೋಷಕರೆಂದು ಘೋಷಣೆ ಪಡೆಯಬೇಕಾಗಿ ಬಂದ ಪ್ರಕರಣಗಳು ಅಲ್ಲಿ 2015ರಲ್ಲಿ ಸಾಲಾಗಿ ಬಂದವು.

ಒಂಟಿ ತಾಯಿ ಮತ್ತು ಖಾಲಿ ಕಾಲಂ

ನಮ್ಮ ಕಾಯ್ದೆಯಲ್ಲಿ ನನಗೆ ಬೇಸರ ತರುವ ಕೊರತೆ ಇಲ್ಲಿದೆ. 21 ದಾಟಿದ, 50 ಆಗದ ಒಬ್ಬಂಟಿ ಮಹಿಳೆಗೂ ದಾನಿಯ ವೀರ್ಯದಿಂದ ಚಿಕಿತ್ಸೆ ಪಡೆಯುವ ಅವಕಾಶವನ್ನು ಎಆರ್‌ಟಿ ಕಾಯ್ದೆ ಕೊಟ್ಟಿದೆ. ಆದರೆ ಮಗು ಯಾರದು ಎಂದು ಹೇಳುವ 31ನೇ ಸೆಕ್ಷನ್ ‘ದಂಪತಿ’ ಎಂದಷ್ಟೇ ಹೇಳಿ ನಿಲ್ಲುತ್ತದೆ. ಆ ಮಹಿಳೆಯ ಹೆಸರೆತ್ತುವುದಿಲ್ಲ. ಹೆತ್ತ ತಾಯಿ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ, ದಾನಿ ಹಕ್ಕು ಬಿಟ್ಟಿರಬೇಕೆಂಬ ಎರಡನೆಯ ಮಾತು ಇವಳಿಗೂ ರಕ್ಷಣೆಯೇ. ಹಾಗಿದ್ದೂ ಒಂದು ಪದ ಸೇರಿಸಿದ್ದರೆ ಆಗುತ್ತಿದ್ದ ಕೆಲಸವನ್ನು ಬಿಟ್ಟದ್ದು ಸರಿಯಲ್ಲ. ಸಂಸತ್ತು ಇದನ್ನು ತಿದ್ದಬೇಕು.

ಅವಳ ನಿಜವಾದ ಪಾಡು ಶುರುವಾಗುವುದು ಜನನ ನೋಂದಣಿಯ ‘ತಂದೆಯ ಹೆಸರು’ ಕಾಲಂನಲ್ಲಿ. ತಿರುಚಿರಾಪಳ್ಳಿಯಲ್ಲಿ ದಾನಿಯ ವೀರ್ಯದಿಂದ ತಾಯಿಯಾದವಳೊಬ್ಬಳ ಮಗುವಿನ ಪ್ರಮಾಣಪತ್ರದಲ್ಲಿ, ಅವಳಿಗೆ ಚಿಕಿತ್ಸೆಯ ವೇಳೆ ನೆರವಾಗಿದ್ದ ಪರಿಚಿತನ ಹೆಸರೇ ತಂದೆಯೆಂದು ದಾಖಲಾಗಿಬಿಟ್ಟಿತ್ತು. ಅದನ್ನು ತೆಗೆದು ಕಾಲಂ ಖಾಲಿ ಬಿಡಿ ಎಂದು ಮದ್ರಾಸ್ ಹೈಕೋರ್ಟ್ 2018ರಲ್ಲಿ ಆದೇಶಿಸಬೇಕಾಯಿತು. 2021ರಲ್ಲಿ ಕೇರಳ ಹೈಕೋರ್ಟ್ ಇನ್ನೂ ಮುಂದೆ ಹೋಗಿ, ಇಂಥ ತಾಯಂದಿರಿಗೆ ತಂದೆಯ ವಿವರ ಕೇಳದ ಪ್ರತ್ಯೇಕ ನಮೂನೆಯನ್ನೇ ಕೊಡಬೇಕು ಎಂದಿತು. ಅದಕ್ಕೂ ಮೊದಲು, 2015ರಲ್ಲಿ, ಅವಿವಾಹಿತ ತಾಯಿ ಜನನ ಪ್ರಮಾಣಪತ್ರ ಕೇಳಿದರೆ ಒಂದು ಅಫಿಡವಿಟ್‌ನ ಹೊರತು ಬೇರೇನೂ ಕೇಳಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. 2023ರಲ್ಲಿ ತಿದ್ದುಪಡಿಯಾದ ಜನನ ಮರಣ ನೋಂದಣಿ ಕಾಯ್ದೆಯಲ್ಲೂ ಒಂಟಿ ಪೋಷಕರ ಮಗುವಿನ ನೋಂದಣಿಗೆ ದಾರಿಯಿದೆ. ಪಾಸ್‌ಪೋರ್ಟಿಗೆ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕೆಂದು 2016ರ ಕೊನೆಯಲ್ಲೇ ನಿಯಮ ಸಡಿಲವಾಗಿದೆ. ಆದ್ದರಿಂದ ಕೌಂಟರಿನಲ್ಲಿ ‘ಅಪ್ಪನ ಹೆಸರಿಲ್ಲದೆ ಆಗಲ್ಲ ಮೇಡಂ’ ಎಂದರೆ ಸುಮ್ಮನೆ ವಾಪಸು ಬರಬೇಕಿಲ್ಲ. ಯಾರದೋ ಹೆಸರನ್ನು ತುಂಬಿ ಕೆಲಸ ಮುಗಿಸುವುದಂತೂ ಬೇಡವೇ ಬೇಡ. ಆ ಹೆಸರನ್ನು ಮುಂದೆ ಅಳಿಸುವುದು ಕಷ್ಟ.

ಮದುವೆಯಿಲ್ಲದೆ ಒಟ್ಟಿಗೆ ಬಾಳುವ ಜೋಡಿಯನ್ನು ಈ ಕಾಯ್ದೆ ‘ದಂಪತಿ’ ಎನ್ನುವುದಿಲ್ಲ. ಇಬ್ಬರು ಮಹಿಳೆಯರು ಒಟ್ಟಾಗಿ ಮಗುವನ್ನು ಬೆಳೆಸಿದರೂ ಕಾನೂನಿನ ಕಣ್ಣಿಗೆ ಹೆತ್ತವಳೊಬ್ಬಳೇ ತಾಯಿ.

ಬಾಡಿಗೆ ತಾಯ್ತನಕ್ಕೆ ಬೇರೆಯದೇ ಕಾಯ್ದೆ. ಅಲ್ಲಿ ಗರ್ಭ ಧರಿಸುವ ಮೊದಲೇ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ಕೋರ್ಟಿನಿಂದ ಪೋಷಕತ್ವದ ಆದೇಶ ಪಡೆದಿರಬೇಕು; ಮಗು ಹುಟ್ಟಿದ ಮೇಲೆ ಅದೇ ಜನನದ ಅಫಿಡವಿಟ್. ಬಾಡಿಗೆ ತಾಯಿ ತನ್ನ ಅಂಡಾಣು ಕೊಡುವಂತಿಲ್ಲ. ದಾನಿಯ ಅಂಡಾಣು ಅಥವಾ ವೀರ್ಯ ಬಳಸುವುದನ್ನು 2023ರ ಮಾರ್ಚ್‌ನಲ್ಲಿ ನಿಷೇಧಿಸಿ, 2024ರ ಫೆಬ್ರವರಿಯಲ್ಲಿ ಸಡಿಲಿಸಲಾಯಿತು: ಜಿಲ್ಲಾ ವೈದ್ಯಕೀಯ ಮಂಡಳಿ ಪ್ರಮಾಣೀಕರಿಸಿದರೆ ಎರಡರಲ್ಲಿ ಒಂದು ದಾನಿಯದಾಗಬಹುದು, ಇನ್ನೊಂದು ದಂಪತಿಯದೇ ಆಗಿರಬೇಕು.

ಸಾವಿನ ನಂತರ

ಹೆಚ್ಚಿನವರು ಯೋಚಿಸದ ಮೂಲೆ ಇದು. ಕ್ಯಾನ್ಸರ್ ಚಿಕಿತ್ಸೆಗೆ ಮೊದಲು ವೀರ್ಯವನ್ನು ಶೀತಲೀಕರಿಸಿ ಇಡುವುದು ಈಗ ಸಾಮಾನ್ಯ. ಹಾಗೆ ಇಟ್ಟವರು ತೀರಿಕೊಂಡರೆ? ದೆಹಲಿ ಹೈಕೋರ್ಟ್ 2024ರ ಅಕ್ಟೋಬರ್‌ನಲ್ಲಿ, ಮದುವೆಯಾಗದೆ ತೀರಿಕೊಂಡ ಮಗನ ಶೇಖರಿತ ವೀರ್ಯವನ್ನು ಅವನ ತಂದೆತಾಯಿಗೆ ಒಪ್ಪಿಸಲು ಆಸ್ಪತ್ರೆಗೆ ಹೇಳಿತು. ಆದರೆ ಹೀಗೆ ಇಟ್ಟ ವೀರ್ಯದಿಂದ ಸಾವಿನ ನಂತರ ಮಗು ಹುಟ್ಟಿದರೆ ಆಸ್ತಿಯ ಪ್ರಶ್ನೆ ಏಳುತ್ತದೆ. ಗಂಡ ಸತ್ತ 280 ದಿನಗಳ ಮೇಲೆ ಹುಟ್ಟಿದ ಮಗುವಿಗೆ 116ನೇ ಸೆಕ್ಷನ್ನಿನ ಆಸರೆ ಸಿಗದು. ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೇ ಸೆಕ್ಷನ್ ಕೂಡ ಸಾವಿನ ಹೊತ್ತಿಗೆ ಗರ್ಭದಲ್ಲಿದ್ದ ಮಗುವಿನ ಬಗ್ಗೆಯಷ್ಟೇ ಹೇಳುತ್ತದೆ. ಆಗಿನ್ನೂ ಲ್ಯಾಬಿನ ಟ್ಯಾಂಕಿನಲ್ಲಿದ್ದುದರ ಬಗ್ಗೆ ಅಲ್ಲ. ವೀರ್ಯವನ್ನೋ ಭ್ರೂಣವನ್ನೋ ಇಡುವಾಗ ‘ನಮ್ಮಲ್ಲೊಬ್ಬರು ತೀರಿಕೊಂಡರೆ ಏನು ಮಾಡಬೇಕು’ ಎಂಬ ಲಿಖಿತ ಸೂಚನೆಯನ್ನು ಕ್ಲಿನಿಕ್ ಕಡ್ಡಾಯವಾಗಿ ಪಡೆಯಬೇಕೆಂದು ಎಆರ್‌ಟಿ ಕಾಯ್ದೆ ಹೇಳಿದೆ. ಆ ಪ್ರಶ್ನೆ ಅಪಶಕುನವೆಂದು ಮುಖ ತಿರುಗಿಸದೆ ಸ್ಪಷ್ಟವಾಗಿ ಬರೆಯಿರಿ. ಜೊತೆಗೆ ವಕೀಲರನ್ನು ಕಂಡು ಉಯಿಲನ್ನೂ ಮಾಡಿ.

ಇನ್ನು ಮಗುವಿನ ಕಡೆಯಿಂದ ಒಂದು ಮಾತು. ಇಂಗ್ಲೆಂಡಿನಲ್ಲಿ 2005ರ ಏಪ್ರಿಲ್ 1ರಿಂದ ಮುಂದೆ ದಾನ ಮಾಡಿದವರ ಗುರುತನ್ನು ಮಗು 18 ತುಂಬಿದ ಮೇಲೆ ಕೇಳಿ ತಿಳಿಯಬಹುದು. ತಿಳಿದರೂ ದಾನಿ ಅಪ್ಪನಾಗುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಮಗುವಿಗೆ ಆ ಹಕ್ಕಿಲ್ಲ. ದಂಪತಿಯ, ದಾನಿಯ ವಿವರಗಳೆಲ್ಲ ಗೋಪ್ಯ. ವೈದ್ಯಕೀಯ ತುರ್ತಿದ್ದು ದಂಪತಿಯೇ ಕೋರಿದಾಗ, ಅಥವಾ ಕೋರ್ಟ್ ಆದೇಶವಿದ್ದಾಗ ಮಾತ್ರ ಕಡತ ತೆರೆಯುತ್ತದೆ. ಹೊಣೆ ಬೇರೆ, ಮೂಲ ತಿಳಿಯುವ ಹಕ್ಕು ಬೇರೆ. ಮೊದಲನೆಯದನ್ನು ದಂಪತಿಗೆ ಕೊಟ್ಟು ಎರಡನೆಯದನ್ನು ಮಗುವಿಗೆ ಕೊಡಲು ಏನೂ ಅಡ್ಡಿಯಿಲ್ಲ. ಭೈರಪ್ಪನವರ ‘ವಂಶವೃಕ್ಷ’ ಕಾದಂಬರಿಯಲ್ಲಿ ಶ್ರೀನಿವಾಸ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಸತ್ಯ ಇಳಿವಯಸ್ಸಿನಲ್ಲಿ ತಿಳಿದು ಬುಡವೇ ಅಲುಗಿದ್ದನ್ನು ಓದಿದವರಿಗೆ, ಇಂಥ ವಿಷಯ ತಡವಾಗಿ, ಬೇರೆ ಮೂಲದಿಂದ ತಿಳಿಯುವುದರ ನೋವು ಗೊತ್ತು. ಮನೆಯಲ್ಲೇ, ಚಿಕ್ಕಂದಿನಲ್ಲೇ, ಮಗುವಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದೇ ಒಳ್ಳೆಯದು. ಹೇಳಿದರೆ ಕಾನೂನಿನಲ್ಲಿ ನೀವು ಕಳೆದುಕೊಳ್ಳುವುದು ಏನೂ ಇಲ್ಲ.

ಹೊರಡುವ ಮುನ್ನ ಇಷ್ಟು ಮಾಡಿ. ಕ್ಲಿನಿಕ್ಕಿಗೂ ವೀರ್ಯ ಬ್ಯಾಂಕಿಗೂ ಎಆರ್‌ಟಿ ಕಾಯ್ದೆಯಡಿ ನೋಂದಣಿ ಇದೆಯೇ ಎಂದು ಪ್ರಮಾಣಪತ್ರ ಕೇಳಿ ನೋಡಿ. ಸಹಿ ಹಾಕಿದ ಪ್ರತಿಯೊಂದು ಸಮ್ಮತಿ ಪತ್ರದ ನಕಲನ್ನು ಅಂದೇ ಪಡೆಯಿರಿ. ಕ್ಲಿನಿಕ್ ತನ್ನ ದಾಖಲೆಯನ್ನು ಕನಿಷ್ಠ 10 ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವಿದೆ, ಆದರೆ ಆಸ್ತಿಯ ತಕರಾರು ಬರುವುದು 30 ವರ್ಷದ ಮೇಲೆ. ಆ ಕಟ್ಟನ್ನು ಮನೆಪತ್ರ, ಜಮೀನಿನ ಪಹಣಿ ಇಡುವ ಜಾಗದಲ್ಲೇ ಇಡಿ.